ಖಾರದಪುಡಿಗೆ ರೇಟು ಹಾಕುವುದು ಹೇಗೆ? ಸಂತೆಗೊಂದು, ಖಾನಾವಳಿಗೊಂದು, ಅಂಗಡಿಗೊಂದು

ಮನೆಯಲ್ಲೇ ಖಾರದಪುಡಿ, ಚಟ್ನಿಪುಡಿ, ಮಸಾಲೆಪುಡಿ ಮಾಡಿ ಮಾರಲು ಹೊರಟ ಹೆಣ್ಣುಮಕ್ಕಳು ನನ್ನನ್ನು ಮೊದಲು ಕೇಳುವುದು ಇದನ್ನೇ: ‘ಅಕ್ಕಾ, ಕೆಜಿಗೆ ಎಷ್ಟು ಹೇಳ್ಲಿ?’ ಇದಕ್ಕೆ ಒಂದೇ ಉತ್ತರ ಇಲ್ಲ. ನೀವು ಎಲ್ಲಿ ಮಾರುತ್ತೀರಿ, ಅಲ್ಲಿ ಇನ್ನೆಷ್ಟು ಜನ ಅದನ್ನೇ ಮಾರುತ್ತಿದ್ದಾರೆ, ನಿಮ್ಮ ಪುಡಿಯನ್ನು ಗಿರಾಕಿಗಳು ಗುರುತು ಹಿಡಿಯುತ್ತಾರಾ, ಇವುಗಳ ಮೇಲೆ ರೇಟು ನಿಲ್ಲುತ್ತದೆ. ನಾನು ಹಾವೇರಿ ಜಿಲ್ಲೆಯವಳು. ಬ್ಯಾಡಗಿ ಮೆಣಸಿನಕಾಯಿ ತಂದು ಪುಡಿ ಮಾಡಿಸಿ ಮಾರುವುದು ನನ್ನ ಕಸುಬು. ಆ ಲೆಕ್ಕದಲ್ಲೇ ಹೇಳುತ್ತೇನೆ.

ಮೊದಲು ಕಾಯಿ ಕೊಳ್ಳುವ ಜಾಗ ನೋಡಿ. ಬ್ಯಾಡಗಿ ಎಪಿಎಂಸಿಯಲ್ಲಿ ಚೀಲಗಳು ಲಾಟ್ ಲಾಟ್ ಆಗಿ ಕೂತಿರುತ್ತವೆ. ವರ್ತಕರು ಕಾಯಿಯ ಬಣ್ಣ, ಸುಕ್ಕು, ತೇವ ನೋಡಿ ಟೆಂಡರ್ ಹಾಕುತ್ತಾರೆ. ಜಾಸ್ತಿ ಹಾಕಿದವರಿಗೆ ಲಾಟ್. ಗಿಡ್ಡ, ದಪ್ಪನೆಯ ಡಬ್ಬಿ ಕಾಯಿಗೆ ಒಂದು ದರ, ಉದ್ದ, ತೆಳ್ಳನೆಯ ಕಡ್ಡಿಗೆ ಇನ್ನೊಂದು. ಕಾಯಿಯಿಂದ ಬಣ್ಣ ತೆಗೆಯುವ ಕಾರ್ಖಾನೆಗಳಿಗೂ ಇಲ್ಲಿಂದಲೇ ಮಾಲು ಹೋಗುತ್ತದೆ. ಹಾಗಾಗಿ ಎಲ್ಲೋ ದೂರದ ಬೇಡಿಕೆ ಏರಿದರೂ ಇಳಿದರೂ ನಮ್ಮ ಚೀಲದ ಬೆಲೆ ಅಲ್ಲಾಡುತ್ತದೆ. ಸಾವಿರಾರು ರೈತರು ಒಂದೇ ಥರದ ಕಾಯಿ ತಂದಿರುವಾಗ ಒಬ್ಬ ರೈತ ‘ನನ್ನದಕ್ಕೆ ಇಷ್ಟು’ ಅಂತ ಹೇಳುವಂತಿಲ್ಲ. ದರ ಒಪ್ಪದಿದ್ದರೆ ವಾಪಸ್ ಒಯ್ಯಬಹುದು, ಕೋಲ್ಡ್ ಸ್ಟೋರೇಜ್‌ನಲ್ಲಿ ಇಡಬಹುದು. ಅಷ್ಟೇ ಅವನ ಕೈಯಲ್ಲಿರುವುದು. 2024ರ ಮಾರ್ಚ್‌ನಲ್ಲಿ ದರ ದಿಢೀರ್ ಕುಸಿದಾಗ ಎಪಿಎಂಸಿ ಕಚೇರಿಗೂ ವಾಹನಗಳಿಗೂ ಬೆಂಕಿ ಬಿತ್ತು. ವರ್ಷವಿಡೀ ದುಡಿದವನಿಗೆ ತನ್ನ ಮಾಲಿನ ಬೆಲೆಯಲ್ಲಿ ಮಾತೇ ಇಲ್ಲ ಅನ್ನುವುದು ಸಣ್ಣ ಸಂಕಟವಲ್ಲ. ಪುಡಿ ಮಾಡುವ ನಮಗೆ ಸ್ವಲ್ಪವಾದರೂ ಮಾತಿದೆ. ಅದನ್ನು ಸುಮ್ನೆ ಬಿಟ್ಟುಕೊಡಬೇಡಿ.

ಇನ್ನು ಅಸಲು. ಕಾಯಿ ಕೆಜಿಗೆ 300 ರೂಪಾಯಿ ಅಂತ ಇಟ್ಟುಕೊಳ್ಳಿ. ತೊಟ್ಟು, ಬಿಸಿಲಿಗೆ ಒಣಗುವುದು, ಗಿರಣಿಯಲ್ಲಿ ಹಾರುವುದು ಎಲ್ಲ ಸೇರಿ ನೂರಕ್ಕೆ 15 ಹೋಯಿತು ಅಂದರೆ ಒಂದು ಕೆಜಿ ಪುಡಿಗೆ ಬರೀ ಕಾಯಿಯದೇ 353 ರೂಪಾಯಿ. ಬಹಳ ಜನ ಇದನ್ನು 300 ಅಂತಲೇ ಹಿಡಿಯುತ್ತಾರೆ. ನಷ್ಟ ಶುರುವಾಗುವುದೇ ಅಲ್ಲಿ. ಇದರ ಮೇಲೆ ತೊಟ್ಟು ಬಿಡಿಸುವ ಕೂಲಿ 25, ಗಿರಣಿಗೆ 30, ಚೀಟಿ, ಪ್ಯಾಕೆಟ್‌ಗೆ 20, ಸಾಗಾಟಕ್ಕೆ 12. ಒಟ್ಟು 440. ನಿಮ್ಮ ಮತ್ತು ಮನೆಯವರ ದುಡಿಮೆಗೆ 40 ಸೇರಿಸಿ, 480. ‘ಮನೆಯವರೇ ಅಲ್ವಾ, ಅವರಿಗೇನು ಕೂಲಿ’ ಅನ್ನಬೇಡಿ. ಆ ಹೊತ್ತಿನಲ್ಲಿ ಅವರು ಬೇರೆ ಕೆಲಸಕ್ಕೆ ಹೋಗಿದ್ದರೆ ಕೂಲಿ ಬರುತ್ತಿತ್ತು. ನಿಮ್ಮ ಊರಿನ ಅಂಕಿ ಬೇರೆ ಇರುತ್ತದೆ, ಲೆಕ್ಕದ ದಾರಿ ಇದೇ.

ಕಾಯಿಗೆ ಯಾವ ದರ ಹಿಡಿಯಬೇಕು ಅನ್ನುವುದೂ ಮುಖ್ಯ. ಸುಗ್ಗಿಯಲ್ಲಿ 250ಕ್ಕೆ ತಂದಿಟ್ಟಿದ್ದೀರಿ, ಈಗ 350 ಆಗಿದೆ. ಲೆಕ್ಕ 350ರ ಮೇಲೆ ಮಾಡಿ. ಈ ಪುಡಿ ಮಾರಿದ ದುಡ್ಡಿನಲ್ಲೇ ಮುಂದಿನ ಚೀಲ ತರಬೇಕು. ದರ ಇಳಿದಾಗಲೂ ಇದೇ ನಿಯಮ, ನೋವಾದರೂ ಸರಿ.

ಈಗ ಮಾರುವ ಜಾಗಗಳು. ಸಂತೆಯಲ್ಲಿ ಬಿಡಿಪುಡಿ ಮಾರುವವರು ಸಾಲಾಗಿ ಕೂತಿರುತ್ತಾರೆ. ಎಲ್ಲರ ತಟ್ಟೆಯೂ ಕೆಂಪು. ಗಿರಾಕಿ ಒಂದು ಸುತ್ತು ಹಾಕಿ ಎಲ್ಲರ ರೇಟೂ ಕೇಳಿಕೊಂಡು ಬರುತ್ತಾರೆ. ಅಲ್ಲಿ ನಡೆಯುತ್ತಿರುವ ರೇಟಿಗಿಂತ ಜಾಸ್ತಿ ಹೇಳಿದರೆ ಪುಡಿ ಹಾಗೇ ಉಳಿಯುತ್ತದೆ. ಸಂತೆಯ ರೇಟು ನಿಮ್ಮ ಅಸಲಿಗಿಂತ ಕೆಳಗಿದ್ದರೆ ಆ ವಾರ ಸಂತೆಗೆ ಹೋಗಬೇಡಿ. ಕಲಬೆರಕೆ ಪುಡಿಯ ಜೊತೆ ರೇಟಿನಲ್ಲಿ ಪೈಪೋಟಿಗೆ ಬೀಳುವುದಂತೂ ಬೇಡವೇ ಬೇಡ.

ಖಾನಾವಳಿಯ ಆಟವೇ ಬೇರೆ. ಒಂದು ತಾಲೂಕಿನಲ್ಲಿ ಖಾನಾವಳಿಗಳಿಗೆ ಪುಡಿ ಹಾಕುವವರು ಮೂರೋ ನಾಲ್ಕೋ ಜನ. ಎಲ್ಲರಿಗೂ ಎಲ್ಲರ ರೇಟು ಗೊತ್ತು. ‘ಅಕ್ಕಾರ, ಅವ್ರು ಹತ್ತು ರೂಪಾಯಿ ಕಡಿಮಿ ಕೊಡ್ತಾರ್ರೀ’ ಅಂತ ಮಾಲೀಕರು ಹೇಳಿದ ಕೂಡಲೇ ಇಳಿಸಬೇಡಿ. ನೀವು ಹತ್ತು ಇಳಿಸಿದರೆ ನಾಳೆ ಅವರೂ ಇಳಿಸುತ್ತಾರೆ. ಕೊನೆಗೆ ಗಿರಾಕಿಗಳು ಇದ್ದಲ್ಲೇ ಇರುತ್ತಾರೆ, ಎಲ್ಲರ ಕೈಗೂ ಹತ್ತು ಕಡಿಮೆ ಬರುತ್ತದೆ. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಪುಕ್ಕಟೆ ಇಂಟರ್ನೆಟ್ ಕೊಟ್ಟಾಗ ಉಳಿದ ಕಂಪನಿಗಳೂ ದರ ಇಳಿಸಲೇಬೇಕಾಯಿತು. ಅಂಥ ಜಗಳವನ್ನು ವರ್ಷಗಟ್ಟಲೆ ತಾಳುವ ದುಡ್ಡು ನಮ್ಮ ಹತ್ತಿರ ಇಲ್ಲ. ರೇಟು ಬಿಟ್ಟು ಬೇರೆ ಏನು ಕೊಡಬಹುದು ನೋಡಿ. ಹೇಳಿದ ದಿನ ತಪ್ಪದೆ ತಲುಪಿಸುವುದು, ಪ್ರತಿ ಸಲ ಅದೇ ಬಣ್ಣ, ಅದೇ ಖಾರ. ಪಲ್ಯದ ರುಚಿ ದಿನಕ್ಕೊಂದಾದರೆ ಖಾನಾವಳಿಗೇ ಪೆಟ್ಟು, ಅದು ಅವರಿಗೂ ಗೊತ್ತು. ಉದ್ರಿ ಕೇಳಿದರೆ ಎರಡು ರೇಟು ಹೇಳಿ: ನಗದಿಗೆ ಒಂದು, ತಿಂಗಳ ಉದ್ರಿಗೆ ಸ್ವಲ್ಪ ಮೇಲೆ.

ಹಾಗಂತ ಆ ಮೂರು ನಾಲ್ಕು ಜನ ಕೂತು ‘ಇನ್ಮೇಲೆ ಇದಕ್ಕಿಂತ ಕಡಿಮೆಗೆ ಯಾರೂ ಕೊಡಬಾರದು’ ಅಂತ ಒಪ್ಪಂದ ಮಾಡಿಕೊಳ್ಳಬೇಡಿ. 2002ರ ಸ್ಪರ್ಧಾ ಕಾಯ್ದೆ ಇದನ್ನು ಒಪ್ಪುವುದಿಲ್ಲ. 2012ರಲ್ಲಿ ಸ್ಪರ್ಧಾ ಆಯೋಗ ಇಂಥದ್ದೇ ಆರೋಪದಲ್ಲಿ ಸಿಮೆಂಟ್ ಕಂಪನಿಗಳಿಗೆ 6 ಸಾವಿರ ಕೋಟಿ ರೂಪಾಯಿಗೂ ಮೀರಿ ದಂಡ ಹಾಕಿತು. ಪ್ರಕರಣ ಆಮೇಲೆ ಮೇಲ್ಮನವಿಗೆ ಹೋಯಿತು. ಕಾನೂನಿನ ಮಾತು ಬದಿಗಿಟ್ಟರೂ, ಕೊಳ್ಳುವವರಿಗೆ ಇದು ಮೋಸ.

ಅಂಗಡಿಗೆ ಕೊಡುವಾಗ ಪ್ಯಾಕೆಟ್ ಮೇಲೆ ಎಂಆರ್‌ಪಿ ಹಾಕಬೇಕು. ಎಲ್ಲ ತೆರಿಗೆ ಅದರೊಳಗೇ. ಇಲ್ಲಿ ಲೆಕ್ಕವನ್ನು ಹಿಂದಿನಿಂದ ಮಾಡಿ. ಅಂಗಡಿಯವರು ನೂರಕ್ಕೆ 20 ಕೇಳಿದರೆ ಅದು ಎಂಆರ್‌ಪಿಯ ಮೇಲೆ 20, ನಿಮ್ಮ ಅಸಲಿನ ಮೇಲೆ ಅಲ್ಲ. 480ಕ್ಕೆ ನೂರಕ್ಕೆ 20 ಸೇರಿಸಿ 576 ಅಂತ ಅಚ್ಚು ಹಾಕಿಸಿದರೆ, ಅವರ ಪಾಲು 115 ಹೋಗಿ ನಿಮಗೆ ಉಳಿಯುವುದು 461. ಅಸಲೇ ಬರಲಿಲ್ಲ. 480ರ ಅಸಲಿನ ಮೇಲೆ 60 ಲಾಭ ಸೇರಿ ಕೈಗೆ 540 ಬೇಕಾದರೆ 540ನ್ನು 0.8ರಿಂದ ಭಾಗಿಸಿ, 675 ಆಗುತ್ತದೆ. ನೀವು ಜಿಎಸ್‌ಟಿ ಕಟ್ಟುವವರಾದರೆ ಅದನ್ನೂ ಸೇರಿಸಿಕೊಂಡು ಲೆಕ್ಕ ಹಾಕಿ. ಹತ್ತು ರೂಪಾಯಿಯ ಸಣ್ಣ ಪ್ಯಾಕೆಟ್‌ಗೆ ಬೆಲೆ ಏರಿಸಲಾಗದು, ಚಿಲ್ಲರೆಯ ತಾಪತ್ರಯ. ಪಾರ್ಲೆ-ಜಿ ಐದು ರೂಪಾಯಿ ಪ್ಯಾಕೆಟ್‌ನ ಬೆಲೆ ಹಾಗೇ ಇಟ್ಟು ತೂಕ ಇಳಿಸುತ್ತಾ ಬಂದಿದ್ದು ಇದಕ್ಕೇ. ನೀವೂ ಹಾಗೆ ಮಾಡಬಹುದು, ಆದರೆ ಹೊಸ ತೂಕವನ್ನು ಕಾಣುವಂತೆ ಅಚ್ಚು ಹಾಕಿಸಿ.

ನಿಮಗೆ ನಿಜವಾಗಿ ಮಾತಿರುವುದು ನೇರ ಗಿರಾಕಿಗಳ ಹತ್ತಿರ. ಬೆಂಗಳೂರು, ಪುಣೆಯಲ್ಲಿರುವ ನಮ್ಮ ಕಡೆಯವರು ವಾಟ್ಸಾಪ್‌ನಲ್ಲಿ ಆರ್ಡರ್ ಕೊಡುತ್ತಾರೆ. ಅವರಿಗೆ ಬೇಕಾದದ್ದು ‘ಖಾರದಪುಡಿ’ ಅಲ್ಲ, ಊರಿನ ಪುಡಿ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲೇ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದೆ, ಹೆಸರು ಎಲ್ಲರಿಗೂ ಗೊತ್ತು. ಆದರೆ ಪ್ಯಾಕೆಟ್ ನೋಡಿ ಯಾರೂ ಅಸಲಿ ನಕಲಿ ಹೇಳಲಾರರು. ಅದಕ್ಕೇ ಈ ವರ್ಷದ ಕಾಯಿಯೋ ಹಳೆಯದೋ, ಡಬ್ಬಿಯೋ ಕಡ್ಡಿಯೋ, ಯಾವತ್ತು ಬೀಸಿದ್ದು, ಎಣ್ಣೆಯಾಗಲಿ ಬಣ್ಣವಾಗಲಿ ಬೆರೆಸಿಲ್ಲ ಅನ್ನುವುದು, ಎಲ್ಲವನ್ನೂ ಬರೆದು ಕಳಿಸಿ. ಬರೆದದ್ದು ನಿಜ ಆಗಿರಲಿ. ಇಲ್ಲಿ ತೀರಾ ಅಗ್ಗ ಹೇಳಿದರೆ ಕೆಲಸ ಕೆಡುತ್ತದೆ. ಕಾಯಿಯೇ 300 ಇರುವಾಗ ‘ಶುದ್ಧ ಬ್ಯಾಡಗಿ ಪುಡಿ 350’ ಅಂದರೆ ತಿಳಿದವರಿಗೆ ಅನುಮಾನ ಬರುತ್ತದೆ, ಬರಲೇಬೇಕು. ಮೊದಲು ಅರ್ಧ ಕೆಜಿ ಕಳಿಸಿ, ಅವರು ಎರಡನೇ ಸಲ ತಾವಾಗಿ ಕೇಳುತ್ತಾರಾ ನೋಡಿ. ಕೇಳಿದರೆ ಅಂಗಡಿಯ ಎಂಆರ್‌ಪಿಯಷ್ಟೇ ಇಡಿ, ಕೊರಿಯರ್ ಬೇರೆ. ಅದಕ್ಕಿಂತ ಕಡಿಮೆ ಇಟ್ಟರೆ ಅಂಗಡಿಯವರು ನಿಮ್ಮ ಪ್ಯಾಕೆಟ್ ಇಡುವುದನ್ನೇ ಬಿಡುತ್ತಾರೆ.

ರೇಟು ಬದಲಿಸುವಾಗ ಖಾನಾವಳಿಗೆ ಹದಿನೈದು ದಿನ ಮೊದಲೇ ಹೇಳಿ, ಬ್ಯಾಡಗಿ ದರದ ಚೀಟಿ ತೋರಿಸಿ. ಅಂಗಡಿಯಲ್ಲಿ ಹಳೆಯ ಪ್ಯಾಕೆಟ್ ಮುಗಿಯುವವರೆಗೆ ಹಳೆಯ ಎಂಆರ್‌ಪಿಯೇ ಇರಲಿ. ಸಂತೆಗೆ ಏನೂ ಹೇಳಬೇಕಿಲ್ಲ, ಅಲ್ಲಿ ಹೋದ ದಿನದ ರೇಟೇ ರೇಟು.