ಅಮೆರಿಕದಲ್ಲಿ ಆನರ್ಸ್ ಸೀಟು ಸಿಕ್ಕಿದೆ, ಸೇರಿಸೋದಾ ಬೇಡ್ವಾ?

ನವೆಂಬರ್ 1 ಹತ್ತಿರ ಬಂತೆಂದರೆ ಅಮೆರಿಕದ ಕನ್ನಡ ಕೂಟಗಳಲ್ಲಿ ರಾಜ್ಯೋತ್ಸವದ ಓಡಾಟ. ಆದರೆ ಮನೆಯಲ್ಲಿ ಹನ್ನೆರಡನೇ ಕ್ಲಾಸಿನ ಮಗು ಇದ್ದರೆ ಅವತ್ತು ಬಾವುಟವೂ ನೆನಪಿಗೆ ಬರುವುದಿಲ್ಲ, ಹಾಡೂ ಬರುವುದಿಲ್ಲ. ಎಷ್ಟೋ ಕಾಲೇಜುಗಳ ಅರ್ಲಿ ಆ್ಯಕ್ಷನ್, ಅಂದರೆ ಬೇಗ ಹಾಕಿ ಬೇಗ ಫಲಿತಾಂಶ ಪಡೆಯುವ ಅರ್ಜಿಗೆ ಅದೇ ಕೊನೆಯ ದಿನ. ಉಳಿದ ಅರ್ಜಿಗಳ ಫಲಿತಾಂಶ ಬರುವುದು ಹೆಚ್ಚಾಗಿ ಮಾರ್ಚ್‌ನಲ್ಲಿ, ಯುಗಾದಿ ಕಾರ್ಯಕ್ರಮದ ಆಸುಪಾಸಿನಲ್ಲೇ. ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತ ಹುಡುಗಿಯನ್ನು ಕಂಡ ಕಂಡ ಆಂಟಿಯರೆಲ್ಲ "ಎಲ್ಲಿ ಸಿಕ್ತಮ್ಮಾ?" ಅಂತ ಕೇಳುವುದೂ ಆಗಲೇ.

ಈ ಗಲಾಟೆಯ ನಡುವೆ ಸ್ಟೇಟ್ ಯೂನಿವರ್ಸಿಟಿಯಿಂದ ಒಂದು ಪತ್ರ ಬರುತ್ತದೆ. ನಿಮ್ಮ ಮಗಳನ್ನು ಆನರ್ಸ್ ಕಾಲೇಜಿಗೆ ಆರಿಸಿದ್ದೇವೆ ಅಂತ. ಅಂದರೆ ಯೂನಿವರ್ಸಿಟಿಯೊಳಗೇ ಆಯ್ದ ವಿದ್ಯಾರ್ಥಿಗಳಿಗೆ ಇರುವ ವಿಶೇಷ ಓದು. ಖುಷಿಯೇನೋ ಹೌದು. ಜತೆಗೆ ಗೊಂದಲವೂ ಶುರು. ದೊಡ್ಡ ಹೆಸರಿನ ಖಾಸಗಿ ಕಾಲೇಜು ಬಿಟ್ಟು ಇದಕ್ಕೆ ಹೋಗಬಹುದಾ? ಬರೀ ಹೆಸರಿಗಷ್ಟೇ ಆನರ್ಸಾ?

ಇಲ್ಲಿನ ಅಪ್ಪ ಅಮ್ಮಂದಿರಲ್ಲಿ ಬಹಳ ಮಂದಿ ಸಿಇಟಿ ರ‍್ಯಾಂಕ್ ಹಿಡಿದು ಕೌನ್ಸೆಲಿಂಗ್‌ಗೆ ಹೋಗಿ ಬಂದವರು. ರ‍್ಯಾಂಕ್ ಗೊತ್ತಾದರೆ ಕಾಲೇಜೂ ಗೊತ್ತಾಯಿತು, ಬ್ರ್ಯಾಂಚೂ ಗೊತ್ತಾಯಿತು. ಅದೇ ಲೆಕ್ಕದಲ್ಲಿ ಆನರ್ಸ್ ಅನ್ನೂ ಇನ್ನೊಂದು ರ‍್ಯಾಂಕ್ ಅಂದುಕೊಳ್ಳುತ್ತೇವೆ. ಅದು ರ‍್ಯಾಂಕ್ ಅಲ್ಲ. ನಾಲ್ಕು ವರ್ಷದ ಹೆಚ್ಚುವರಿ ಕೆಲಸ, ಅದಕ್ಕೆ ಪ್ರತಿಯಾಗಿ ಒಂದಿಷ್ಟು ಸವಲತ್ತು. ಕೆಲಸ ಮಾಡಬೇಕಾದವಳು ಮಗಳು. ಹಾಗಾಗಿ ಅವಳ ಒಂದು ಸೆಮಿಸ್ಟರ್ ಹೇಗಿರುತ್ತದೆ ಅನ್ನುವುದರಿಂದ ಲೆಕ್ಕ ಶುರು ಮಾಡಬೇಕು.

ಹೆಜ್ಜೆ 1: ಯಾವ ಥರದ ಆನರ್ಸ್ ಅಂತ ತಿಳಿದುಕೊಳ್ಳಿ

ಪೆನ್ಸಿಲ್ವೇನಿಯಾದ ಸ್ವಾರ್ಥ್‌ಮೋರ್ ಎಂಬ ಸಣ್ಣ ಕಾಲೇಜಿನಲ್ಲಿ ಫ್ರ್ಯಾಂಕ್ ಐಡಲಾಟ್ 1922ರಲ್ಲಿ ಶುರು ಮಾಡಿದ ಆನರ್ಸ್ ಓದು ಅಮೆರಿಕದಲ್ಲಿ ದೊಡ್ಡ ಹೆಸರು ಮಾಡಿತು. ಅವರು ಆಕ್ಸ್‌ಫರ್ಡ್‌ನಲ್ಲಿ ಓದಿ ಬಂದವರು. ಸಣ್ಣ ಸೆಮಿನಾರ್, ಕೊನೆಗೆ ಹೊರಗಿನಿಂದ ಬಂದ ಪರೀಕ್ಷಕರು. ಅಲ್ಲಿ ಈಗಲೂ ಹೊರಗಿನ ಪರೀಕ್ಷಕರೇ ಬರುತ್ತಾರೆ. ಆಮೇಲೆ ದೊಡ್ಡ ಸರ್ಕಾರಿ ಯೂನಿವರ್ಸಿಟಿಗಳೂ ತಮ್ಮದೇ ರೀತಿಯಲ್ಲಿ ಆನರ್ಸ್ ಕಟ್ಟಿದವು. ಸಾವಿರಾರು ಹುಡುಗರ ನಡುವೆ ಒಂದು ಸಣ್ಣ ಕಾಲೇಜು ಮಾಡಿಕೊಡೋಣ ಅನ್ನುವ ಯೋಚನೆ.

ಇವತ್ತು ಮುಖ್ಯವಾಗಿ ಮೂರು ಥರ ಕಾಣುತ್ತವೆ. ಅರಿಜೋನಾ ಸ್ಟೇಟ್‌ನ ಬ್ಯಾರೆಟ್, ಪೆನ್ ಸ್ಟೇಟ್‌ನ ಶ್ರೈಯರ್, ನ್ಯೂಜೆರ್ಸಿಯ ರಟ್ಗರ್ಸ್ ಆನರ್ಸ್ ಕಾಲೇಜಿನಂಥವು ಪ್ರತ್ಯೇಕ ಕಾಲೇಜಿನ ಹಾಗೆ. ತಮ್ಮದೇ ಡೀನ್, ಸಲಹೆಗಾರರು, ಹಾಸ್ಟೆಲ್ ಎಲ್ಲ ಇರುತ್ತದೆ. ಟೆಕ್ಸಸ್‌ನ ಯುಟಿ ಆಸ್ಟಿನ್‌ನಲ್ಲಿ 1935ರಿಂದ ನಡೆಯುತ್ತಿರುವ ಪ್ಲ್ಯಾನ್ ಟು ಬೇರೆಯೇ ಜಾತಿ, ಅದೇ ಒಂದು ಮೇಜರ್, ಅಂದರೆ ಡಿಗ್ರಿಯ ಮುಖ್ಯ ವಿಷಯ. ಮೂರನೆಯದು ಒಂದೊಂದು ವಿಭಾಗದ ಆನರ್ಸ್. ಕಂಪ್ಯೂಟರ್ ಸೈನ್ಸ್‌ನವರಿಗೆ ಒಂದು, ಬಿಸಿನೆಸ್‌ನವರಿಗೆ ಒಂದು. ಊರಿನಲ್ಲಿರುವ ಅಜ್ಜ ಅಜ್ಜಿಗೆ ಮಾತ್ರ ಇದನ್ನು ಬಿಡಿಸಿ ಹೇಳಬೇಕು. ಕರ್ನಾಟಕದಲ್ಲಿ 2021ರಲ್ಲಿ ಬಂದು 2024ರಲ್ಲಿ ಕೈಬಿಟ್ಟ ನಾಲ್ಕು ವರ್ಷದ ಆನರ್ಸ್ ಡಿಗ್ರಿಗೂ ಇದಕ್ಕೂ ಸಂಬಂಧವಿಲ್ಲ.

ಸೇರುವ ದಾರಿಯೂ ಒಂದೊಂದು ಕಡೆ ಒಂದೊಂದು. ರಟ್ಗರ್ಸ್‌ನಲ್ಲಿ ಬೇರೆ ಅರ್ಜಿ ಇಲ್ಲ, ಮಾಮೂಲಿ ಅರ್ಜಿ ನೋಡಿಯೇ ಕರೆಯುತ್ತಾರೆ. ಶ್ರೈಯರ್‌ಗೆ ಬೇರೆ ಅರ್ಜಿ, ಬೇರೆ ಪ್ರಬಂಧಗಳು. ಟೆಕ್ಸಸ್‌ನಲ್ಲಿ ಸ್ಕೂಲಿನ ಮೊದಲ ಶೇ 5ರೊಳಗೆ ಇರುವ ರಾಜ್ಯದ ಮಕ್ಕಳಿಗೆ ಯುಟಿ ಆಸ್ಟಿನ್ ಪ್ರವೇಶ ಖಾತ್ರಿ. ಆದರೆ ಬೇಕಾದ ಮೇಜರ್ ಖಾತ್ರಿಯಲ್ಲ. ಆನರ್ಸ್ ಅಂತೂ ಅಲ್ಲವೇ ಅಲ್ಲ. ಆನರ್ಸ್ ಅರ್ಜಿಯ ಗಡುವು ಮುಖ್ಯ ಅರ್ಜಿಗಿಂತ ಬೇರೆ ಇರಬಹುದು. ಹಲವು ಕಾಲೇಜುಗಳಿಗೆ ಒಂದೇ ಕಡೆ ಅರ್ಜಿ ಹಾಕುವ ಕಾಮನ್ ಆ್ಯಪ್ ಆಗಸ್ಟ್ 1ಕ್ಕೆ ತೆರೆದಾಗಲೇ ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿ.

ಹೆಜ್ಜೆ 2: ಎಂಟು ಸೆಮಿಸ್ಟರ್‌ಗಳ ಚೌಕ ಹಾಕಿ

ನನ್ನ ಪ್ರಕಾರ ಇದೇ ಮುಖ್ಯವಾದ ಕೆಲಸ. ಬಹುತೇಕರು ಇದನ್ನೇ ಮಾಡುವುದಿಲ್ಲ.

ಒಂದು ದೊಡ್ಡ ಹಾಳೆ ತಗೊಳ್ಳಿ. ಎಂಟು ಚೌಕ ಹಾಕಿ, ಒಂದೊಂದು ಸೆಮಿಸ್ಟರ್‌ಗೆ ಒಂದೊಂದು. ಮೊದಲು ಮೇಜರ್‌ನ ಕಡ್ಡಾಯ ಕೋರ್ಸ್‌ಗಳನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ಆಮೇಲೆ ಎಪಿ, ಅಂದರೆ ಹೈಸ್ಕೂಲಿನಲ್ಲೇ ಬರೆಯುವ ಕಾಲೇಜು ಮಟ್ಟದ ಪರೀಕ್ಷೆಯಿಂದ ಸಿಗುವ ಕ್ರೆಡಿಟ್‌ಗಳನ್ನು ಹೊಡೆದು ಹಾಕಿ. ಕೊನೆಗೆ ಆನರ್ಸ್ ಕೇಳುವ ಕೋರ್ಸ್‌ಗಳನ್ನು ಬೇರೆ ಬಣ್ಣದಲ್ಲಿ ತುಂಬಿ.

ಗಮ್ಮತ್ತು ಇರುವುದು ಇಲ್ಲೇ. ಆನರ್ಸ್ ಕೋರ್ಸ್‌ಗಳಲ್ಲಿ ಕೆಲವು ಸಾಮಾನ್ಯ ವಿಷಯಗಳ ಜಾಗದಲ್ಲಿ ಕೂರುತ್ತವೆ. ಇತಿಹಾಸ, ಬರವಣಿಗೆ, ಸಮಾಜಶಾಸ್ತ್ರದಂಥವು. ಹೇಗೂ ಓದಬೇಕಾದದ್ದನ್ನೇ ಸಣ್ಣ ಕ್ಲಾಸಿನಲ್ಲಿ ಓದಿದ ಹಾಗಾಯಿತು, ಹೊರೆ ಏನೂ ಜಾಸ್ತಿಯಾಗಲಿಲ್ಲ. ಆದರೆ ನಮ್ಮ ಮಕ್ಕಳು ಎಂಟು, ಹತ್ತು ಎಪಿ ಬರೆದು ಆ ಜಾಗಗಳನ್ನೆಲ್ಲ ಮೊದಲೇ ಖಾಲಿ ಮಾಡಿಕೊಂಡಿರುತ್ತಾರೆ. ಆಗ ಅದೇ ಆನರ್ಸ್ ಕೋರ್ಸ್ ತಲೆ ಮೇಲಿನ ಹೆಚ್ಚುವರಿ ಭಾರ. ಒಂದು ವರ್ಷ ಮೊದಲೇ ಮುಗಿಸಿ ಫೀಸ್ ಉಳಿಸೋಣ ಅಂದುಕೊಂಡಿದ್ದರೆ ಆ ಲೆಕ್ಕವೂ ತಪ್ಪಬಹುದು. ಇದು ಪತ್ರದಲ್ಲಿ ಬರೆದಿರುವುದಿಲ್ಲ. ಚೌಕ ಹಾಕಿದಾಗಲೇ ಕಣ್ಣಿಗೆ ಬೀಳುವುದು.

ಓದಿನ ಬಗೆಯನ್ನೂ ನೋಡಿ. ಬ್ಯಾರೆಟ್‌ನಲ್ಲಿ ಮೊದಲ ವರ್ಷದವರಿಗೆ 'ದಿ ಹ್ಯೂಮನ್ ಇವೆಂಟ್' ಅಂತ ಎರಡು ಸೆಮಿಸ್ಟರ್‌ನ ಸೆಮಿನಾರ್ ಇದೆ. ಪ್ರಾಚೀನ ಕಾಲದಿಂದ ಈಚಿನವರೆಗಿನ ಬರಹಗಳನ್ನು ಓದಿ, ಚರ್ಚಿಸಿ, ಪ್ರಬಂಧ ಬರೆಯಬೇಕು. ಓದುವ ಹುಚ್ಚಿರುವ ಹುಡುಗಿಗೆ ಹಬ್ಬ. ರಾತ್ರಿಯಿಡೀ ಕೋಡ್ ಬರೆದರೂ ದಣಿಯದ, ಎರಡು ಪುಟ ಪ್ರಬಂಧ ಅಂದರೆ ಮುಖ ಸಿಂಡರಿಸುವ ಹುಡುಗನಿಗೆ? ಅವನನ್ನೇ ಕೇಳಿ.

ಎಷ್ಟೋ ಕಡೆ ಕೊನೆಗೊಂದು ಥೀಸಿಸ್, ಅಂದರೆ ಸ್ವಂತ ಸಂಶೋಧನೆಯ ದೊಡ್ಡ ಪ್ರಬಂಧ, ಇರುತ್ತದೆ. ಶ್ರೈಯರ್‌ನಲ್ಲೂ ಬ್ಯಾರೆಟ್‌ನಲ್ಲೂ ಅದು ಕಡ್ಡಾಯ. ಹದಿನೇಳರ ಮಕ್ಕಳಿಗೆ ಥೀಸಿಸ್ ಅಂದರೆ ಏನೂ ಅರ್ಥವಾಗುವುದಿಲ್ಲ. ಅದಕ್ಕೊಂದು ಸುಲಭ ಉಪಾಯ ಇದೆ. ಶ್ರೈಯರ್ ವಿದ್ಯಾರ್ಥಿಗಳ ಥೀಸಿಸ್‌ಗಳನ್ನು ಪೆನ್ ಸ್ಟೇಟ್ ಆನ್‌ಲೈನ್‌ನಲ್ಲೇ ಇಟ್ಟಿದೆ. ಮಗಳ ವಿಷಯದಲ್ಲಿ ನಾಲ್ಕೈದು ತೆಗೆದು, ಪಕ್ಕದಲ್ಲಿ ಕೂತು, ಹೆಸರು ಮತ್ತು ಮೊದಲ ಪುಟ ಓದಿ. "ಅಮ್ಮ, ಇದು ಮಜವಾಗಿದೆ, ಇದನ್ನ ಇವಳು ಹೇಗೆ ಅಳೆದಳು?" ಅಂದರೆ ಒಂದು ಉತ್ತರ. ಫೋನ್ ಕಡೆ ಕೈ ಹೋದರೆ ಇನ್ನೊಂದು.

ಜಿಪಿಎ, ಅಂದರೆ ಸರಾಸರಿ ಅಂಕದ ಷರತ್ತನ್ನು ಮರೆಯಬೇಡಿ. ಆನರ್ಸ್‌ನಲ್ಲಿ ಉಳಿಯಲು ಕನಿಷ್ಠ ಇಷ್ಟಿರಲೇಬೇಕು ಅಂತ ಇರುತ್ತದೆ. ಅದಕ್ಕಿಂತ ಇಳಿದರೆ ಒಂದು ಸೆಮಿಸ್ಟರ್ ಅವಕಾಶ ಕೊಡುತ್ತಾರಾ? ಸ್ಕಾಲರ್‌ಶಿಪ್ ಕೂಡ ಅದಕ್ಕೇ ಗಂಟು ಹಾಕಿದೆಯಾ? ನಡುವೆ ಬಿಟ್ಟರೆ ಏನಾಗುತ್ತದೆ? ಮುಂದೆ ಮೆಡಿಕಲ್‌ಗೆ ಹೋಗುವ ಆಸೆ ಇರುವವರು ಇನ್ನೂ ಹುಷಾರಾಗಿ ಕೇಳಬೇಕು. ಅಲ್ಲಿ ಜಿಪಿಎ ಬಹಳ ಲೆಕ್ಕಕ್ಕೆ ಬರುತ್ತದೆ.

ಸವಲತ್ತುಗಳಲ್ಲಿ ನಾನು ಹೆಚ್ಚು ಬೆಲೆ ಕೊಡುವುದು ಕೋರ್ಸ್‌ಗಳಿಗೆ ಮೊದಲೇ ಹೆಸರು ನೋಂದಾಯಿಸುವ ಅವಕಾಶಕ್ಕೆ. ದೊಡ್ಡ ಯೂನಿವರ್ಸಿಟಿಯಲ್ಲಿ ಬೇಕಾದ ಕ್ಲಾಸು ನೋಡನೋಡುತ್ತಲೇ ಭರ್ತಿಯಾಗುತ್ತದೆ. ಮುಂದಿನ ವರ್ಷದವರೆಗೆ ಕಾಯಬೇಕು. ಸರತಿಯಲ್ಲಿ ಮುಂದೆ ನಿಲ್ಲುವುದು ಸಣ್ಣ ಸಂಗತಿಯಲ್ಲ. ಎರಡನೆಯದು, ಹೆಸರು ಹಿಡಿದು ಕರೆಯುವ ಸಲಹೆಗಾರರು. ಹೊಸ ಹಾಸ್ಟೆಲ್‌ನ ಫೋಟೊಗೆ ಮಾತ್ರ ಮರುಳಾಗಬೇಡಿ.

ಕ್ಯಾಂಪಸ್ ನೋಡಲು ಹೋದಾಗ ಯಾರಾದರೂ ಆನರ್ಸ್ ವಿದ್ಯಾರ್ಥಿ ಸಿಕ್ಕರೆ ಮಗಳೇ ಮಾತಾಡಲಿ, ನೀವು ಕಾಫಿಗೆ ಹೋಗಿ. "ಕಳೆದ ವಾರ ಯಾವ ಆನರ್ಸ್ ಕ್ಲಾಸಿಗೆ ಹೋಗಿದ್ದೆ? ಎಷ್ಟು ಜನ ಇದ್ದರು?" ಈ ಎರಡು ಪ್ರಶ್ನೆ ಸಾಕು.

ಹೆಜ್ಜೆ 3: ದುಡ್ಡು ಮತ್ತು ವೀಸಾ ಮಾತು ಅಕ್ಟೋಬರ್‌ನಲ್ಲೇ ಮುಗಿಸಿ

ಆನರ್ಸ್ ಸಿಕ್ಕಿತೆಂದರೆ ಸ್ಕಾಲರ್‌ಶಿಪ್ ಸಿಕ್ಕಿತೆಂದಲ್ಲ. ಕೆಲವು ಕಡೆ ಎರಡೂ ಜತೆಗೆ ಬರುತ್ತವೆ, ಕೆಲವು ಕಡೆ ತಿರುಗಿ ನಾವೇ ಕೊಡಬೇಕು. ಬ್ಯಾರೆಟ್‌ನಲ್ಲಿ ಟ್ಯೂಷನ್ ಫೀಸ್‌ನ ಮೇಲೆ ಪ್ರತ್ಯೇಕ ಆನರ್ಸ್ ಶುಲ್ಕ ಇದೆ. ನ್ಯೂಯಾರ್ಕ್ ನಗರದ ಮೆಕಾಲೆ ಆನರ್ಸ್ ಕಾಲೇಜು ಇದಕ್ಕೆ ಉಲ್ಟಾ. ನ್ಯೂಯಾರ್ಕ್ ರಾಜ್ಯದ ನಿವಾಸಿ ಅನ್ನಿಸಿಕೊಳ್ಳುವ ಮಕ್ಕಳಿಗೆ ಟ್ಯೂಷನ್ ಫೀಸ್ ಇಲ್ಲ, ಊಟ ವಸತಿ ಖರ್ಚು ಬೇರೆ.

ಎಚ್-1ಬಿ ಕೆಲಸದ ವೀಸಾ ಮೇಲೆ ಇರುವ ಮನೆಗಳಿಗೆ ಇನ್ನೊಂದು ತಲೆನೋವು. ಅವಲಂಬಿತರ ಎಚ್-4 ವೀಸಾದಲ್ಲಿರುವ ಮಕ್ಕಳಿಗೆ ಅಮೆರಿಕದ ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವು ಸಿಗುವುದಿಲ್ಲ. ರಾಜ್ಯದೊಳಗಿನವರಿಗಿರುವ ಕಡಿಮೆ ಫೀಸ್ ಸಿಗುತ್ತದೋ ಇಲ್ಲವೋ ಅನ್ನುವುದು ಆಯಾ ರಾಜ್ಯದ ನಿಯಮದ ಮೇಲೆ ನಿಂತಿದೆ. ಕೆಲವು ಸ್ಕಾಲರ್‌ಶಿಪ್‌ಗಳು ಸಿಟಿಜನ್ ಮತ್ತು ಗ್ರೀನ್ ಕಾರ್ಡ್‌ನವರಿಗೆ ಮಾತ್ರ. 21 ತುಂಬಿದರೆ ಎಚ್-4 ಮುಗಿಯಿತು. ಓದು ಮುಂದುವರಿಸಲು ಎಫ್-1 ವಿದ್ಯಾರ್ಥಿ ವೀಸಾಕ್ಕೆ ಬದಲಾಗಬೇಕಾಗುತ್ತದೆ. ಅದು ಬರುವುದು ಡಿಗ್ರಿಯ ಮಧ್ಯದಲ್ಲಿ, ಸರಿಯಾಗಿ ಥೀಸಿಸ್ ಹೊತ್ತಿಗೆ. ಆಗ ಫೀಸು, ಸ್ಕಾಲರ್‌ಶಿಪ್ ಏನಾಗುತ್ತದೆ ಅಂತ ಅಡ್ಮಿಷನ್ ಆಫೀಸಿಗೆ ಇಮೇಲ್ ಬರೆದು, ಉತ್ತರವನ್ನು ಇಮೇಲ್‌ನಲ್ಲೇ ಇಟ್ಟುಕೊಳ್ಳಿ.

"ವರ್ಷಕ್ಕೆ ನಾವು ಇಷ್ಟು ಕೊಡಬಲ್ಲೆವು" ಅನ್ನುವ ಅಂಕಿಯನ್ನು ಮಗಳಿಗೆ ಅರ್ಜಿ ಹಾಕುವ ಮೊದಲೇ ಹೇಳಿಬಿಡಿ. ಕನಸಿನ ಕಾಲೇಜು ಸಿಕ್ಕ ಮೇಲೆ ಏಪ್ರಿಲ್‌ನಲ್ಲಿ "ದುಡ್ಡಿಲ್ಲಮ್ಮ" ಅನ್ನುವುದು ನಿಜಕ್ಕೂ ಕ್ರೂರ.

ಹೆಜ್ಜೆ 4: ಕಾಲೇಜಿನ ಮಾತಿಗೆ ವಾರಕ್ಕೊಂದು ಹೊತ್ತು

ಬೆಳಿಗ್ಗೆ ಕಾರಿನಲ್ಲಿ "ಎಸ್ಸೇ ಎಲ್ಲಿಗೆ ಬಂತು ಪುಟ್ಟಾ?" ಸಂಜೆ ತಿಂಡಿ ಕೊಡುವಾಗ "ಟೀಚರ್ ಲೆಟರ್ ಕೊಟ್ಟರಾ?" ರಾತ್ರಿ ದೀಪ ಆರಿಸುವಾಗ "ಆ ಶೆಟ್ಟರ ಮಗ ಆಗಲೇ ಸಬ್ಮಿಟ್ ಮಾಡಿದ್ದಾನಂತೆ." ನಮಗೆ ಇದು ಕಾಳಜಿ. ಮಗಳಿಗೆ ದಿನವಿಡೀ ಸಣ್ಣ ಸಣ್ಣ ವಿಚಾರಣೆ. ಮಕ್ಕಳ ಟೆನ್ಷನ್‌ನಲ್ಲಿ ದೊಡ್ಡ ಪಾಲು ನಮ್ಮ ಬಾಯಿಂದಲೇ ಬರುತ್ತದೆ, ಅಲ್ವಾ?

ಭಾನುವಾರ ಸಂಜೆ ಅರ್ಧ ಗಂಟೆ ಅಂತ ಗೊತ್ತು ಮಾಡಿ. ಪಟ್ಟಿ ಹಿಡಿದು ಮಾತು ನಡೆಸುವವಳು ಅವಳು. ಉಳಿದ ದಿನ ಕಾಲೇಜಿನ ಮಾತು ಬಂದ್. ತೀರಾ ಅರ್ಜೆಂಟ್ ಇದ್ದರೆ ಚೀಟಿ ಬರೆದಿಡಿ. ಅರ್ಜಿ ಶುಲ್ಕ, ಆದಾಯದ ಫಾರ್ಮ್‌ಗಳು, ಗಡುವಿನ ಲೆಕ್ಕ ನಿಮ್ಮ ಪಾಲು. 650 ಪದದ ಪ್ರಬಂಧ ಅವಳ ಪಾಲು. ನಿಮ್ಮ ಇಂಗ್ಲಿಷ್ ಎಷ್ಟೇ ಚೆನ್ನಾಗಿರಲಿ, ಅದಕ್ಕೆ ಕೈ ಹಾಕಬೇಡಿ. ನಲವತ್ತೆಂಟು ವರ್ಷದವರು ತಿದ್ದಿದ ಪ್ರಬಂಧ ನಲವತ್ತೆಂಟು ವರ್ಷದವರು ಬರೆದ ಹಾಗೆಯೇ ಇರುತ್ತದೆ. ಓದಿ ಹೇಳಲು ಸ್ಕೂಲಿನ ಇಂಗ್ಲಿಷ್ ಟೀಚರ್ ಒಬ್ಬರು ಸಾಕು.

ನೆಂಟರಿಗೆ, ಆಂಟಿಯರಿಗೆ ಏನು ಹೇಳಬೇಕೆಂದು ಮಗಳನ್ನೇ ಕೇಳಿ. "ಏಪ್ರಿಲ್ ಕಳೀಲಿ, ನಾವೇ ಹೇಳ್ತೀವಿ" ಅನ್ನುವ ಒಂದೇ ಮಾತನ್ನು ಮನೆಯವರೆಲ್ಲ ಹೇಳಿದರೆ ಆಯಿತು. ಯುಗಾದಿ ಕಾರ್ಯಕ್ರಮಕ್ಕೆ ಬರುವುದಿಲ್ಲ ಅಂದರೆ ಒಂದು ವರ್ಷ ಬಿಟ್ಟುಬಿಡಿ. ಅವಳ ಒಪ್ಪಿಗೆ ಇಲ್ಲದೆ ವಾಟ್ಸ್‌ಆ್ಯಪ್ ಸ್ಟೇಟಸ್ ಹಾಕಬೇಡಿ.

ಫಲಿತಾಂಶದ ದಿನ ಪಾಸ್‌ವರ್ಡ್ ಕೇಳಬೇಡಿ. ಒಬ್ಬಳೇ ನೋಡುತ್ತೇನೆ ಅಂದರೆ ನೋಡಲಿ. ಇಲ್ಲ ಅಂದಿದ್ದರೆ "ಅವರಿಗೇ ನಷ್ಟ" ಅನ್ನುವುದೂ ಬೇಡ, "ನಾನು ಅವತ್ತೇ ಹೇಳಿದ್ದೆ" ಅನ್ನುವುದಂತೂ ಬೇಡವೇ ಬೇಡ. ಸುಮ್ನೆ ಪಕ್ಕದಲ್ಲಿ ಕೂತಿರಿ, ಹಸಿವಾದಾಗ ಊಟ ಬಡಿಸಿ. ಯೂನಿವರ್ಸಿಟಿ ಸಿಕ್ಕಿ ಆನರ್ಸ್ ಸಿಗದೆ ಹೋದಾಗಲೂ ಮಕ್ಕಳು ಕುಗ್ಗುತ್ತಾರೆ. ಸೇರಿದ ಮೇಲೆ ಅಲ್ಲಿನ ಅಂಕಗಳ ಆಧಾರದಲ್ಲಿ ಆನರ್ಸ್‌ಗೆ ಅರ್ಜಿ ಹಾಕುವ ದಾರಿ ಶ್ರೈಯರ್ ಸೇರಿದಂತೆ ಹಲವು ಕಡೆ ಇದೆ. ಎರಡು ದಿನ ಬಿಟ್ಟು ಇದನ್ನು ಹೇಳಿ.

ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು ಅನ್ನುತ್ತಾರೆ ನಿದ್ರಾ ತಜ್ಞರು. ಡಿಸೆಂಬರ್‌ನಲ್ಲಿ ಅಷ್ಟು ಆಗದೇ ಇರಬಹುದು. ಆದರೆ ಎರಡು ವಾರವಾದರೂ ನಿದ್ದೆ ಹತ್ತುತ್ತಿಲ್ಲ, ಊಟ ಸೇರುತ್ತಿಲ್ಲ, ಗೆಳತಿಯರ ಫೋನ್ ಎತ್ತುತ್ತಿಲ್ಲ, "ನಾನಿದ್ದು ಏನು ಪ್ರಯೋಜನ" ಅನ್ನುವ ಮಾತು ಬರುತ್ತಿದೆ ಅಂದರೆ ಅದು ಬರೀ ಪರೀಕ್ಷೆ ಭಯವಲ್ಲ. "ಸಾಯುವ ಯೋಚನೆ ಬರುತ್ತಿದೆಯಾ ಕಂದಾ?" ಅಂತ ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಮಕ್ಕಳ ಡಾಕ್ಟರನ್ನು, ಸ್ಕೂಲಿನ ಕೌನ್ಸೆಲರನ್ನು ಕಾಣಿ. ಅಮೆರಿಕದಲ್ಲಿ ಮಾನಸಿಕ ಸಂಕಷ್ಟದ ಸಹಾಯವಾಣಿ 988ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು, ಮೆಸೇಜ್ ಕಳಿಸಬಹುದು. ಜನ ಏನಂತಾರೋ ಅನ್ನುವುದನ್ನು ಆಮೇಲೆ ನೋಡಿಕೊಳ್ಳೋಣ.

ಹೆಜ್ಜೆ 5: ಮೇ 1ರೊಳಗೆ

ಹೆಚ್ಚಿನ ಕಾಲೇಜುಗಳಿಗೆ ಒಪ್ಪಿಗೆ ತಿಳಿಸಿ ಡೆಪಾಸಿಟ್ ಕಟ್ಟಲು ಮೇ 1 ಕೊನೆ. ಆನರ್ಸ್‌ಗೆ ಒಪ್ಪಿಗೆ ಬೇರೆ ಕೊಡಬೇಕಾಗಬಹುದು, ಹಾಸ್ಟೆಲ್ ಅರ್ಜಿಗೂ ಬೇರೆ ದಿನ ಇರಬಹುದು. ಇರಲಿ ಅಂತ ಎರಡು ಕಾಲೇಜಿಗೆ ಡೆಪಾಸಿಟ್ ಕಟ್ಟಬೇಡಿ. ಅದು ನಿಯಮಕ್ಕೆ ವಿರುದ್ಧ. ಆ ಚೌಕದ ಹಾಳೆಗಳನ್ನು ಮೇಜಿನ ಮೇಲೆ ಹರಡಿ, ಖರ್ಚಿನ ಮಿತಿಯೊಳಗಿನ ಕಾಲೇಜುಗಳಲ್ಲಿ ಅವಳೇ ಆರಿಸಲಿ. ಆನರ್ಸ್ ಬೇಡ, ಅಲ್ಲೇ ಮಾಮೂಲಿ ಡಿಗ್ರಿ ಸಾಕು ಅಂದರೆ ಅದೂ ಸರಿಯಾದ ಉತ್ತರವೇ.

ಒಂದು ಕೆಲಸ ಬಾಕಿ. ಕಾಲೇಜು ಸೇರಿದ ಮೇಲೆ ಮಾರ್ಕ್ಸ್ ನೋಡುವ ಹಕ್ಕು ಕಾನೂನಿನ ಪ್ರಕಾರ ಮಗಳದ್ದೇ. ಫೀಸ್ ಕಟ್ಟುವವರು ನಾವಾದರೂ ಅಷ್ಟೇ. 18 ತುಂಬಿದ ಮೇಲೆ ಆಸ್ಪತ್ರೆಯವರೂ ಅವಳ ಒಪ್ಪಿಗೆ ಇಲ್ಲದೆ ಸಾಮಾನ್ಯವಾಗಿ ನಮಗೆ ವಿವರ ಹೇಳುವುದಿಲ್ಲ. ಮಾಹಿತಿ ಹಂಚಿಕೊಳ್ಳುವ ಒಪ್ಪಿಗೆ ಪತ್ರ ಮತ್ತು ವೈದ್ಯಕೀಯ ನಿರ್ಧಾರದ ಅಧಿಕಾರ ಪತ್ರ ಎರಡರ ಬಗ್ಗೆಯೂ ಅವಳ ಹತ್ತಿರ ಮಾತಾಡಿ. ಒಪ್ಪಿದರೆ ಆಗಸ್ಟ್‌ನಲ್ಲಿ ಸಾಮಾನು ಕಟ್ಟುವ ಮೊದಲೇ ಸಹಿ ಮಾಡಿಸಿ, ಒಂದು ಪ್ರತಿ ನಿಮ್ಮ ಫೋನಿನಲ್ಲಿ ಇಟ್ಟುಕೊಳ್ಳಿ.