ಗಂಟೆಗೆ ಅರ್ಧ ಎಂಎಲ್ ಹೋಗಬೇಕಾದಾಗ ಸಿರಿಂಜ್ ಪಂಪ್ ಹೇಗೆ ಹಾಕಬೇಕು?

ಎನ್‌ಐಸಿಯುಗೆ (ನವಜಾತ ಶಿಶುಗಳ ತೀವ್ರ ನಿಗಾ ಘಟಕಕ್ಕೆ) ಹೊಸದಾಗಿ ಬಂದ ನರ್ಸ್‌ಗಳು ಇದನ್ನು ಮೊದಲೇ ತಿಳಿದುಕೊಳ್ಳಿ. ಪರದೆ ಮೇಲೆ 0.5 ಅಂತ ಕಂಡರೆ ಮಗುವಿಗೆ ಅಷ್ಟೇ ಹೋಗುತ್ತಿದೆ ಅಂತ ಅರ್ಥ ಅಲ್ಲ. ಪಂಪ್ ಪ್ಲಂಜರನ್ನು (ಸಿರಿಂಜಿನೊಳಗಿನ ದಂಡವನ್ನು) ತಳ್ಳುತ್ತದೆ, ಅಷ್ಟೇ.

ಸಿರಿಂಜ್ ಆದಷ್ಟು ಚಿಕ್ಕದಿರಲಿ. 50 ಎಂಎಲ್ ಸಿರಿಂಜ್‌ನಲ್ಲಿ ಈ ವೇಗಕ್ಕೆ ಪ್ಲಂಜರ್ ಇಡೀ ಗಂಟೆಗೆ ಒಂದು ಮಿಲಿಮೀಟರ್ ಕೂಡ ಸರಿಯುವುದಿಲ್ಲ, ಅದರ ರಬ್ಬರ್ ಒಳಗೋಡೆಗೆ ಹಿಡಿದುಕೊಂಡು ಆಮೇಲೆ ತಟ್ಟನೆ ಜಾರುತ್ತದೆ, ಔಷಧಿ ಬಿಟ್ಟು ಬಿಟ್ಟು ಹೋಗುತ್ತದೆ. 10 ಎಂಎಲ್‌ನದ್ದಾದರೆ ಮೂರು ಮಿಲಿಮೀಟರ್ ಹತ್ತಿರ ಸರಿಯುತ್ತದೆ. ಪಂಪ್‌ನಲ್ಲಿ ಸಿರಿಂಜಿನ ಬ್ರ್ಯಾಂಡ್, ಸೈಜ್ ಎರಡನ್ನೂ ಸರಿಯಾಗಿ ಆರಿಸಿ.

ಸಿರಿಂಜ್ ಕೂರಿಸಿದ ತಕ್ಷಣ ಲೈನನ್ನು (ಔಷಧಿ ಹೋಗುವ ಕೊಳವೆಯನ್ನು) ಮಗುವಿಗೆ ಜೋಡಿಸಬೇಡಿ. ಪ್ಲಂಜರ್‌ಗೂ ಅದನ್ನು ತಳ್ಳುವ ಭಾಗಕ್ಕೂ ನಡುವೆ ಸಣ್ಣ ಸಂದು ಇರುತ್ತದೆ. ಪರ್ಜ್ (ಲೈನಿಗೆ ಔಷಧಿ ತುಂಬಿಸುವ ಬಟನ್) ಒತ್ತಿ, ಲೈನಿನ ತುದಿಯಲ್ಲಿ ಹನಿ ಕಾಣುವ ತನಕ ಬಿಡಿ, ಆಮೇಲೆ ಜೋಡಿಸಿ. ಲೈನ್ ಸಣ್ಣ ರಂಧ್ರದ್ದೇ ಆಗಿರಲಿ. ಔಷಧಿ ಸೇರುವ ಜಾಗದಿಂದ ಮಗುವಿನ ತನಕ ಲೈನಿನಲ್ಲಿ 1.5 ಎಂಎಲ್ ಸಲೈನ್ ನಿಂತಿದ್ದು, ಬೇರೆ ಫ್ಲೂಯಿಡ್ ಓಡದಿದ್ದರೆ, ಔಷಧಿ ಮಗುವನ್ನು ಮುಟ್ಟಲು ಮೂರು ಗಂಟೆ ಬೇಕು!

ಪಂಪ್ ಮಗುವಿನ ಎದೆಯ ಮಟ್ಟಕ್ಕೇ ಇರಲಿ. ಓಡುತ್ತಿರುವಾಗ ಮೇಲೆತ್ತಿದರೆ ಸ್ವಲ್ಪ ಔಷಧಿ ಜಾಸ್ತಿ ನುಗ್ಗುತ್ತದೆ, ಕೆಳಗಿಳಿಸಿದರೆ ಸ್ವಲ್ಪ ಹೊತ್ತು ಹೋಗುವುದೇ ನಿಲ್ಲುತ್ತದೆ. ಎಕ್ಸ್‌ರೇ ತೆಗೆಯುವಾಗ ಸುಮ್ನೆ ಪಂಪನ್ನು ಆಚೆ ಈಚೆ ಇಡುತ್ತಾರಲ್ವಾ, ಆಗ ನೋಡಿಕೊಳ್ಳಿ. ಸಿರಿಂಜ್ ಬದಲಿಸುವ ಮುಂಚೆ ತ್ರೀ-ವೇಯನ್ನು (ಲೈನಿನಲ್ಲಿರುವ ಮೂರು ಬಾಯಿಯ ಕವಾಟವನ್ನು) ಮಗುವಿನ ಕಡೆಗೆ ಮುಚ್ಚಲೇಬೇಕು.

ಎಲ್ಲಕ್ಕಿಂತ ಜಾಸ್ತಿ ಹುಷಾರಾಗಿರಬೇಕಾದದ್ದು ಅಕ್ಲೂಷನ್ ಅಲಾರಂ, ಅಂದರೆ ಲೈನ್ ಕಟ್ಟಿಕೊಂಡಿದೆ ಅನ್ನುವ ಅಲಾರಂ ಹೊಡೆದಾಗ. ಇಷ್ಟು ಕಡಿಮೆ ವೇಗದಲ್ಲಿ ಲೈನ್ ಮಡಚಿಕೊಂಡರೂ ಅಲಾರಂ ಬರುವುದು ತುಂಬಾ ತಡ, ಅದಕ್ಕೇ ಪ್ರೆಶರ್ ಲಿಮಿಟನ್ನು (ಅಲಾರಂ ಹೊಡೆಯುವ ಒತ್ತಡದ ಮಿತಿಯನ್ನು) ನಿಮ್ಮ ಯೂನಿಟ್ ಒಪ್ಪುವಷ್ಟು ಕೆಳಗಿಡಿ. ಅಲಾರಂ ಬಂತು ಅಂತ ಗಾಬರಿಯಲ್ಲಿ ಮಡಿಕೆ ಬಿಡಿಸಿಬಿಡಬೇಡಿ. ಅಷ್ಟು ಹೊತ್ತು ಒತ್ತಡದಲ್ಲಿ ಕೂಡಿಕೊಂಡ ಔಷಧಿ ಒಂದೇ ಸಲ ಒಳಗೆ ಹೋಗುತ್ತದೆ. ನಾರ್‌ಅಡ್ರಿನಲಿನ್ ಆದರೆ ಬಿಪಿ ಸರ್ರನೆ ಏರುತ್ತದೆ. ಮೊದಲು ಮಗುವಿನ ಕಡೆ ಮುಚ್ಚಿ. ಆಮೇಲೆ ಮಡಿಕೆ ಬಿಡಿಸಿ, ತ್ರೀ-ವೇಯ ಖಾಲಿ ಬಾಯಿಯಿಂದ ಒತ್ತಡ ಹೊರಗೆ ಬಿಡಿ, ಆ ಬಾಯಿ ಮುಚ್ಚಿ, ಮಗುವಿನ ಕಡೆ ತೆರೆದು ಮತ್ತೆ ಶುರುಮಾಡಿ. ಕಣ್ಣು ಮಾನಿಟರ್ ಮೇಲಿರಲಿ.

ವೇಗ 0.1, 0.2ಕ್ಕೆ ಇಳಿದರೆ ಔಷಧಿಯನ್ನು ಇನ್ನಷ್ಟು ತೆಳು ಮಾಡಿ ವೇಗ ಏರಿಸಬಹುದಾ ಅಂತ ಡಾಕ್ಟರನ್ನು ಕೇಳಿ. ಮುಕ್ಕಾಲು ಕೆಜಿ ಮಗುವಿಗೆ ಆ ಹೆಚ್ಚಿನ ನೀರೂ ದಿನದ ಲೆಕ್ಕಕ್ಕೆ ಸೇರುತ್ತದೆ, ಹಾಗಾಗಿ ಅದನ್ನು ಅವರೇ ತೀರ್ಮಾನಿಸಬೇಕು.