ದಾವಣಗೆರೆಯಿಂದ ಅಂಟಾರ್ಕ್ಟಿಕಾ ಹಡಗಿಗೆ ಹೊರಡುವವರಿಗೆ

ಅಂಟಾರ್ಕ್ಟಿಕಾ ಪ್ರವಾಸದ ತಯಾರಿಯನ್ನು ಕಾಲುಚೀಲದಿಂದ ಶುರುಮಾಡಿ. ಜೋಗಿಮಟ್ಟಿಯಲ್ಲೋ ರಂಗಯ್ಯನದುರ್ಗದ ಕುರುಚಲು ಕಾಡಿನಲ್ಲೋ ಓಡಾಡಿ ಬಂದ ಕಾಲುಚೀಲವನ್ನು ಒಳಮೈ ಮಾಡಿ ಬೆಳಕಿಗೆ ಹಿಡಿದರೆ ಉತ್ತರಾಣಿ ಬೀಜ, ಹುಲ್ಲಿನ ಚೂಪು ಕಡ್ಡಿ ನೂಲಿನೊಳಗೆ ಸಿಕ್ಕಿಕೊಂಡಿರುವುದು ಕಾಣುತ್ತದೆ. ಒಗೆದರೂ ಅವು ಬಿಡುವುದಿಲ್ಲ. ಹೀಗೆ ಮನುಷ್ಯರ ಜೊತೆ ಹೋದ ಪೋವಾ ಆನ್ಯುವಾ ಎಂಬ ಹುಲ್ಲು ಅಲ್ಲಿನ ಕಿಂಗ್ ಜಾರ್ಜ್ ದ್ವೀಪದಲ್ಲಿ ಬೇರೂರಿದೆ. ಕಾಂಗ್ರೆಸ್ ಗಿಡ ಕಿತ್ತು ಕಿತ್ತು ಸೋತ ನಮ್ಮ ಕಡೆಯವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ ಹೊಸ ಕಾಲುಚೀಲವನ್ನೇ ಒಯ್ಯಿರಿ. ಹಳೆಯ ಬ್ಯಾಗು, ಜಾಕೆಟ್ಟಿನ ಜೇಬುಗಳನ್ನು ಹೊರಮಗ್ಗಲು ಮಾಡಿ ವ್ಯಾಕ್ಯೂಮ್ ಕ್ಲೀನರ್ ಹಿಡಿಯಿರಿ. ವೆಲ್ಕ್ರೋ ಪಟ್ಟಿಗೆ ಅದು ಸಾಲದು. ಚಿಮಟ ಅಥವಾ ಸೇಫ್ಟಿ ಪಿನ್ನಿನಿಂದ ಒಂದೊಂದೇ ಬೀಜ ಕೀಳಬೇಕು. ಹಡಗಿನಲ್ಲೂ ತಪಾಸಣೆ ನಡೆಯುತ್ತದೆ, ನೀವು ಸಹಿ ಮಾಡಿದ ಮೇಲೇ ದಡಕ್ಕೆ ಬಿಡುತ್ತಾರೆ. ಕೊನೆಗಳಿಗೆಗೆ ಬಿಟ್ಟರೆ ಅರ್ಧ ದಿನ ಅಲ್ಲೇ ಕಳೆಯುತ್ತದೆ.

ಹಡಗು ಆರಿಸುವಾಗ ಮೊದಲು ಪ್ರಯಾಣಿಕರ ಸಂಖ್ಯೆ ಕೇಳಿ. ಒಂದು ಜಾಗದಲ್ಲಿ ಒಂದು ಹೊತ್ತಿಗೆ 100 ಜನರಿಗಿಂತ ಹೆಚ್ಚು ಪ್ರವಾಸಿಗರು ಇಳಿಯುವಂತಿಲ್ಲ; 500ಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗಿನಿಂದ ಯಾರನ್ನೂ ಇಳಿಸುವುದೇ ಇಲ್ಲ. 100ರ ಒಳಗಿನ ಹಡಗಾದರೆ ಎಲ್ಲರೂ ಒಟ್ಟಿಗೆ ಇಳಿಯಬಹುದು. 200 ಜನರಿದ್ದರೆ ಅರ್ಧ ಜನ ದಡದಲ್ಲಿ, ಉಳಿದವರು ರಬ್ಬರ್ ದೋಣಿಯಲ್ಲಿ ಸುತ್ತು, ಆಮೇಲೆ ಅದಲುಬದಲು. ಇದೂ ತಪ್ಪಲ್ಲ, ಆದರೆ ನೆಲದ ಮೇಲಿನ ಹೊತ್ತು ಕಡಿಮೆಯಾಗುತ್ತದೆ. ಋತು ನವೆಂಬರಿನಿಂದ ಮಾರ್ಚ್‌ವರೆಗೆ: ಮೊದಲಿಗೆ ಹಸನಾದ ಹಿಮ ಮತ್ತು ಪೆಂಗ್ವಿನ್‌ಗಳು ಗೂಡು ಕಟ್ಟುವ ಗಡಿಬಿಡಿ, ಡಿಸೆಂಬರ್ ಕೊನೆಯಿಂದ ಮರಿಗಳು, ಫೆಬ್ರವರಿ-ಮಾರ್ಚ್‌ನಲ್ಲಿ ತಿಮಿಂಗಿಲ.

ಹೆಚ್ಚಿನ ಹಡಗುಗಳು ಅರ್ಜೆಂಟೀನಾದ ಉಶುವಾಯಾ ಬಂದರಿನಿಂದ ಹೊರಡುತ್ತವೆ. ಬೆಂಗಳೂರಿನಿಂದ ಅಲ್ಲಿಗೆ ಮೂರ್ನಾಲ್ಕು ವಿಮಾನ ಬದಲಿಸಬೇಕು. ಹಡಗು ಯಾರಿಗೂ ಕಾಯುವುದಿಲ್ಲ. ಎರಡು ದಿನ ಮುಂಚೆ ತಲುಪುವ ಹಾಗೆ ಟಿಕೆಟ್ ಮಾಡಿಸಿ, ಒಂದು ಜೊತೆ ಥರ್ಮಲ್ ಬಟ್ಟೆ ಕೈಚೀಲದಲ್ಲೇ ಇರಲಿ. ಹಳದಿ ಜ್ವರದ ಲಸಿಕೆ ಮರೆಯಬೇಡಿ. ಅರ್ಜೆಂಟೀನಾ, ಬ್ರೆಜಿಲ್ ಕಡೆಯಿಂದ ಬರುವವರಿಗೆ ನಮ್ಮ ವಿಮಾನ ನಿಲ್ದಾಣದಲ್ಲಿ ಅದರ ಕಾರ್ಡ್ ಕೇಳುತ್ತಾರೆ. ಸರ್ಕಾರದ ಮಾನ್ಯತೆ ಇರುವ ಕೇಂದ್ರದಲ್ಲೇ ಹಾಕಿಸಬೇಕು, ಹಾಕಿಸಿ 10 ದಿನ ಆದ ಮೇಲೇ ಅದು ಊರ್ಜಿತ. 60 ದಾಟಿದವರು ಮೊದಲು ವೈದ್ಯರನ್ನು ಕೇಳಿ.

ಊಟದ ಫಾರಂನಲ್ಲಿ ಬರೀ ಸಸ್ಯಾಹಾರಿ ಎಂದು ಬರೆದು ಸುಮ್ಮನಾಗಬೇಡಿ. ಮೀನು, ಮೊಟ್ಟೆ, ಮಾಂಸದ ಸಾರು ಯಾವುದೂ ಬೇಡ ಎಂದು ಬಿಡಿಸಿ ಬರೆಯಿರಿ. ಉಶುವಾಯಾ ಬಿಟ್ಟ ಮೇಲೆ ಮಧ್ಯದಲ್ಲಿ ಸಂತೆಯಿಲ್ಲ, ಅಡುಗೆಯವರು ಹತ್ತು ದಿನದ ಸಾಮಾನು ಮೊದಲೇ ತುಂಬಿರುತ್ತಾರೆ. ಶೇಂಗಾ ಚಟ್ನಿಪುಡಿ ಇಲ್ಲದೆ ಆಗುವುದಿಲ್ಲ ಎನ್ನುವವರು ಅಂಗಡಿಯ ಸೀಲ್ ಪ್ಯಾಕೆಟ್ ಒಯ್ದು ಕಸ್ಟಮ್ಸ್‌ನಲ್ಲಿ ತೋರಿಸಿ. ಮಂಡಕ್ಕಿ ಬೇಡವೇ ಬೇಡ. ಅದು ಜೇಬಿನ ಮೂಲೆಯಲ್ಲಿ ಉಳಿಯುತ್ತದೆ, ದಡಕ್ಕೆ ತಿಂಡಿಯ ಚೂರೂ ಹೋಗುವಂತಿಲ್ಲ.

ಉಶುವಾಯಾದಿಂದ ಹೊರಟು, ದಕ್ಷಿಣ ಅಮೆರಿಕಕ್ಕೂ ಅಂಟಾರ್ಕ್ಟಿಕಾಕ್ಕೂ ನಡುವಿನ ಡ್ರೇಕ್ ಜಲಸಂಧಿ ದಾಟಲು ಸುಮಾರು ಎರಡು ದಿನ ಬೇಕು. ಅಲೆ ದೊಡ್ಡದಿದ್ದರೆ ಮಂಚದಿಂದ ಏಳುವುದೇ ಕಷ್ಟ. ಕೋಣೆ ಆರಿಸುವ ಅವಕಾಶವಿದ್ದರೆ ಕೆಳ ಅಂತಸ್ತಿನಲ್ಲಿ, ಹಡಗಿನ ನಡುಭಾಗದಲ್ಲಿ ತೆಗೆದುಕೊಳ್ಳಿ. ಮೇಲಿನ ಬಾಲ್ಕನಿ ಕೋಣೆಗೆ ದುಡ್ಡೂ ಹೆಚ್ಚು, ಓಲಾಟವೂ ಹೆಚ್ಚು. ವಾಂತಿ ಶುರುವಾದ ಮೇಲೆ ನುಂಗಿದ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಬಂದರು ಬಿಟ್ಟು ಬೀಗಲ್ ಕಾಲುವೆಯಲ್ಲಿ ಸಾಗುವಾಗ ನೀರು ಶಾಂತವಾಗಿರುತ್ತದೆ, ಆಗಲೇ ತೆಗೆದುಕೊಳ್ಳಿ. ಯಾವ ಮಾತ್ರೆ ಎಂದು ಊರಿನಲ್ಲೇ ವೈದ್ಯರನ್ನು ಕೇಳಿ, ಒಮ್ಮೆ ನುಂಗಿ ಎಷ್ಟು ಮಂಪರು ಬರುತ್ತದೆ ನೋಡಿಕೊಳ್ಳಿ. ಕಿವಿಯ ಹಿಂದೆ ಅಂಟಿಸುವ ಔಷಧದ ಪಟ್ಟಿ ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ ಇರುವವರಿಗೆ, ಮೂತ್ರ ಕಟ್ಟುವ ತೊಂದರೆ ಇರುವವರಿಗೆ ಆಗಿಬರುವುದಿಲ್ಲ. ಹೊಟ್ಟೆ ಖಾಲಿ ಬಿಟ್ಟರೆ ಸಂಕಟ ಇನ್ನೂ ಹೆಚ್ಚು. ಒಣ ಬಿಸ್ಕತ್ತು, ಶುಂಠಿ ಬಾಯಿಗೆ ಹಾಕುತ್ತಿರಿ.

ನಡೆಯುವಾಗ ಒಂದು ಕೈ ಸದಾ ಕಂಬಿಯ ಮೇಲಿರಲಿ. ಬಾಗಿಲನ್ನು ಹಿಡಿಕೆಯಿಂದಲೇ ಹಿಡಿಯಿರಿ, ಚೌಕಟ್ಟಿಗೆ ಬೆರಳು ಇಡಬೇಡಿ. ಹಡಗು ವಾಲಿದಾಗ ಆ ಭಾರದ ಬಾಗಿಲು ತಾನಾಗಿ ಬಡಿಯುತ್ತದೆ, ಬೆರಳು ಜಜ್ಜುವುದು ಹೀಗೆಯೇ. ಹವಾಯಿ ಚಪ್ಪಲಿ ಕೋಣೆಯೊಳಗೆ ಮಾತ್ರ. ಏಳು ಚಿಕ್ಕ, ಒಂದು ಉದ್ದ ಸೈರನ್ ಕೇಳಿದರೆ ಲೈಫ್ ಜಾಕೆಟ್ ತೆಗೆದುಕೊಂಡು ಗೊತ್ತುಮಾಡಿದ ಜಾಗಕ್ಕೆ ಹೋಗಬೇಕು.

ಆಚೆ ದಡ ಮುಟ್ಟಿದ ಮೇಲೆ ದಿನಕ್ಕೊಂದು ಲಯ ಬರುತ್ತದೆ: ಬೆಳಗ್ಗೆ ಏಳರ ಸುಮಾರಿಗೆ ಧ್ವನಿವರ್ಧಕದಲ್ಲಿ ಕರೆ, ತಿಂಡಿ, ಒಂದು ಇಳಿತ, ಮಧ್ಯಾಹ್ನ ಊಟವಾದ ಮೇಲೆ ಇನ್ನೊಂದು, ಸಂಜೆ ಮರುದಿನದ ಮಾತುಕತೆ. ಗಾಳಿ ಎದ್ದರೆ, ಮಂಜುಗಡ್ಡೆ ಅಡ್ಡ ಬಂದರೆ ಎಲ್ಲವೂ ಬದಲು. ಗೋಡೆಗೆ ಅಂಟಿಸಿದ ವೇಳಾಪಟ್ಟಿ ಹಿಡಿದು ಸಿಬ್ಬಂದಿಯ ಜೊತೆ ಜಗಳಕ್ಕೆ ನಿಲ್ಲುವವರು ಪ್ರತಿ ಹಡಗಿನಲ್ಲೂ ಒಬ್ಬಿಬ್ಬರು ಇರುತ್ತಾರೆ. ಅಷ್ಟು ಹೊತ್ತಿಗೆ ತಿಮಿಂಗಿಲ ಇನ್ನೊಂದು ಬದಿಯಲ್ಲಿ ಬಂದು ಹೋಗಿರುತ್ತದೆ.

ಬಟ್ಟೆ ತೊಡುವ ಕ್ರಮ ಕರಗತವಾಗಬೇಕು. ಬೇಸಿಗೆಯಲ್ಲಿ ಅಲ್ಲಿ ಸೊನ್ನೆ ಡಿಗ್ರಿಯ ಆಚೀಚೆ ಇರುತ್ತದೆ; ನಡುಗಿಸುವುದು ಗಾಳಿ. ಮೊದಲು ಶೌಚಾಲಯಕ್ಕೆ ಹೋಗಿ ಬನ್ನಿ, ದಡದಲ್ಲಿ ಆ ವ್ಯವಸ್ಥೆ ಇಲ್ಲ. ಥರ್ಮಲ್, ಅದರ ಮೇಲೆ ಫ್ಲೀಸ್, ಒಂದು ತೆಳು ಮತ್ತು ಒಂದು ಉಣ್ಣೆಯ ಕಾಲುಚೀಲ, ನೀರು ಇಳಿಯದ ಪ್ಯಾಂಟು, ಗಂಬೂಟು. ಪ್ಯಾಂಟಿನ ಅಂಚು ಗಂಬೂಟಿನ ಹೊರಗೆ ಬರಬೇಕು. ಗದ್ದೆಗೆ ಇಳಿಯುವವರ ಹಾಗೆ ಒಳಗೆ ತುರುಕಿದರೆ ಅಲೆಯ ನೀರು ನೇರವಾಗಿ ಬೂಟಿನೊಳಗೆ ತುಂಬುತ್ತದೆ, ಆಮೇಲೆ ಎರಡು ಗಂಟೆ ಒದ್ದೆ ಕಾಲು. ಜಾಕೆಟ್, ಟೋಪಿ, ಕೈಗವಸು, ಲೈಫ್ ಜಾಕೆಟ್ ನಿಮ್ಮ ಗುಂಪನ್ನು ಕರೆದ ಮೇಲೆ. ಬಿಸಿಲೂರಿನ ನಾವು ಚಳಿಗೆ ಹೆದರಿ ಎಲ್ಲವನ್ನೂ ಕೋಣೆಯಲ್ಲೇ ಏರಿಸಿಕೊಳ್ಳುತ್ತೇವೆ. ಸಾಲಿನಲ್ಲಿ ನಿಂತು ಬೆವರುತ್ತೇವೆ, ಆ ಬೆವರೇ ಹೊರಗೆ ಹೋದೊಡನೆ ಕೊರೆಯುತ್ತದೆ. ಸೀರೆ, ದುಪಟ್ಟಾ, ಸಡಿಲ ಶಾಲು ದೋಣಿಗೆ ಆಗದು. ಸನ್‌ಸ್ಕ್ರೀನನ್ನು ಗದ್ದದ ಕೆಳಗೂ ಹಚ್ಚಿ, ಹಿಮದಿಂದ ಬೆಳಕು ಮೇಲಕ್ಕೆ ಹೊಡೆಯುತ್ತದೆ.

ದೋಣಿ ಹತ್ತುವಾಗ ಎರಡೂ ಕೈ ಖಾಲಿ ಇರಲಿ, ಚೀಲ ಬೆನ್ನಿಗಿರಲಿ. ಸಿಬ್ಬಂದಿಗೆ ಬೆರಳು ಕೊಡಬೇಡಿ, ಕೈಗವಸು ಜಾರುತ್ತದೆ; ಅವರ ಮುಂಗೈಯನ್ನು ನೀವು, ನಿಮ್ಮ ಮುಂಗೈಯನ್ನು ಅವರು ಹಿಡಿಯಬೇಕು. ದೋಣಿ ಏರಿಳಿಯುತ್ತಲೇ ಇರುತ್ತದೆ, ಅವರು ಹೇಳಿದಾಗ ಮಾತ್ರ ಹೆಜ್ಜೆ: ಮೊದಲು ಉಬ್ಬಿದ ಅಂಚಿನ ಮೇಲೆ, ಆಮೇಲೆ ತಳಕ್ಕೆ, ಕೂಡಲೇ ಕೂತು ಪಕ್ಕಕ್ಕೆ ಸರಿಯಿರಿ. ಹಾರಬೇಡಿ. ದಡದಲ್ಲಿ ಇಳಿಯುವಾಗ ಕೂತಲ್ಲೇ ಕಾಲುಗಳನ್ನು ದೋಣಿಯ ಹಿಂಬದಿಯ ಕಡೆಯಿಂದ ತಿರುಗಿಸಿ ನೀರಿಗಿಡಿ. ಹಡಗು ಬಿಡುವಾಗಲೂ ಮರಳಿದಾಗಲೂ ಹಡಗಿನ ಗುರುತಿನ ಕಾರ್ಡ್ ತೋರಿಸಬೇಕು; ಮರಳಿದಾಗ ಮರೆತರೆ ನೀವು ಇನ್ನೂ ದಡದಲ್ಲೇ ಇದ್ದೀರಿ ಎಂದು ಹುಡುಕಾಟ ಶುರುವಾಗುತ್ತದೆ.

ಪೆಂಗ್ವಿನ್‌ನಿಂದ ಕನಿಷ್ಠ 5 ಮೀಟರ್, ತುಪ್ಪಳದ ಸೀಲ್ ಎಂಬ ಕಡಲಪ್ರಾಣಿಯಿಂದ 15 ಮೀಟರ್ ದೂರ ಇರಬೇಕು. ಪೆಂಗ್ವಿನ್ ತಾನಾಗಿ ಹತ್ತಿರ ಬಂದರೆ ಕದಲದೆ ನಿಲ್ಲಿ. ಅವು ದಿನವೂ ತುಳಿದು ಹಿಮದಲ್ಲಿ ಮಾಡಿಕೊಂಡ ಕಾಲುಹಾದಿಗಳಿವೆ, ಅವುಗಳಲ್ಲಿ ನಡೆಯಬಾರದು. ನಿಮ್ಮ ಬೂಟು ಮೊಣಕಾಲುದ್ದ ಹೂತರೆ ಆ ಗುಂಡಿ ಮುಚ್ಚಿಯೇ ಮುಂದೆ ಹೋಗಿ. ಗಿಡ್ಡ ಕಾಲಿನ ಹಕ್ಕಿ ಅದರಲ್ಲಿ ಬಿದ್ದರೆ ಮೇಲೆ ಬರಲಾರದು. ಹಕ್ಕಿಜ್ವರ 2024ರಲ್ಲಿ ಅಂಟಾರ್ಕ್ಟಿಕಾದ ನೆಲಕ್ಕೂ ಕಾಲಿಟ್ಟಿದೆ. ಹಾಗಾಗಿ ದಡದಲ್ಲಿ ಕೂರುವುದು, ಮಂಡಿಯೂರುವುದು, ಚೀಲ ನೆಲಕ್ಕಿಡುವುದು ಬೇಡ. ಮರಳಿದ ಮೇಲೆ ಬೂಟಿನ ಅಡಿಯ ಸಂದಿಗಳನ್ನು ಬ್ರಷ್‌ನಿಂದ ಉಜ್ಜಿ, ಸಿಕ್ಕಿಕೊಂಡ ಕಲ್ಲು ಕಿತ್ತು, ಸೋಂಕುನಾಶಕದಲ್ಲಿ ಅದ್ದಿ. ಪೆಂಗ್ವಿನ್ ಹಿಕ್ಕೆಯ ಗುಲಾಬಿ ಬಣ್ಣ ಅವು ತಿನ್ನುವ ಕ್ರಿಲ್ ಎಂಬ ಸಿಗಡಿಯಂಥ ಪುಟ್ಟ ಜೀವಿಯದು. ವಾಸನೆ ಬಟ್ಟೆ ಬಿಡುವುದಿಲ್ಲ, ಜಾಕೆಟ್ಟನ್ನು ಮಂಚದ ಮೇಲೆ ಎಸೆಯಬೇಡಿ.

ಗುರುತು ಹಿಡಿಯುವುದು ಸುಲಭ: ಕಿತ್ತಳೆ ಕೊಕ್ಕು, ಕಣ್ಣಿನ ಮೇಲೆ ಬಿಳಿ ಪಟ್ಟೆ ಇದ್ದರೆ ಜೆಂಟೂ, ಗದ್ದದ ಕೆಳಗೆ ಕಪ್ಪು ಗೆರೆ ಇದ್ದರೆ ಚಿನ್‌ಸ್ಟ್ರಾಪ್, ಕಣ್ಣಿನ ಸುತ್ತ ಬಿಳಿ ಬಳೆ ಇದ್ದರೆ ಅಡೇಲಿ. ದುರ್ಬೀನು 8x42, ಅಂದರೆ ಎಂಟು ಪಟ್ಟು ದೊಡ್ಡದಾಗಿ ತೋರಿಸುವುದು, ಸಾಕು. 10xನಲ್ಲಿ ಹಡಗಿನ ಅಲುಗಾಟವೂ ದೊಡ್ಡದಾಗುತ್ತದೆ. ಹೊರಡುವ ಮುಂಚೆ ಎರಡು ಭಾನುವಾರ ಸೂಳೆಕೆರೆಯ ಏರಿಯ ಮೇಲೆ ನಿಂತು ಹಾರುವ ನೀರುಕಾಗೆಯನ್ನು ಹಿಂಬಾಲಿಸಿ ಅಭ್ಯಾಸ ಮಾಡಿ. ಕಣ್ಣನ್ನು ಹಕ್ಕಿಯಿಂದ ಕದಲಿಸದೆ ದುರ್ಬೀನನ್ನು ಕಣ್ಣಿಗೆ ತರುವುದು ಬಂದರೆ ಆಲ್ಬಟ್ರಾಸ್ ಎಂಬ ದೊಡ್ಡ ಕಡಲಹಕ್ಕಿ ತಪ್ಪುವುದಿಲ್ಲ.

ಹಡಗಿನಲ್ಲಿ ದಿಕ್ಕನ್ನು ಗಡಿಯಾರದ ಲೆಕ್ಕದಲ್ಲಿ ಕೂಗುತ್ತಾರೆ: ಮೂತಿ 12 ಗಂಟೆ, ಬಲಮಗ್ಗಲು 3, ಎಡಮಗ್ಗಲು 9. ಹಂಪ್‌ಬ್ಯಾಕ್ ತಿಮಿಂಗಿಲ ಕೆಲವು ಸಲ ಉಸಿರಿನ ಹಬೆ ಚಿಮ್ಮಿಸಿ, ಆಮೇಲೆ ಬೆನ್ನನ್ನು ಎತ್ತರವಾಗಿ ಬಾಗಿಸುತ್ತದೆ. ಬಾಲ ಎತ್ತುವ ಸೂಚನೆ ಅದು. ಕ್ಯಾಮೆರಾ ಆಗಲೇ ಕಣ್ಣಿನಲ್ಲಿರಬೇಕು. ಬಾಲದ ಅಡಿಯ ಕಪ್ಪು-ಬಿಳಿ ಚಿತ್ತಾರ ಒಂದೊಂದಕ್ಕೂ ಬೇರೆ, ಅದರಿಂದಲೇ ಇಂಥದ್ದೇ ತಿಮಿಂಗಿಲ ಎಂದು ಗುರುತಿಸುತ್ತಾರೆ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಇನ್ನೊಂದನ್ನು ಒಳಜೇಬಿನಲ್ಲಿ ಮೈಶಾಖಕ್ಕೆ ಇಟ್ಟುಕೊಳ್ಳಿ. ಒಳಗೆ ಬರುವ ಮುಂಚೆ ಕ್ಯಾಮೆರಾವನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಒಂದು ಗಂಟೆ ತೆರೆಯಬೇಡಿ. ಇಲ್ಲವಾದರೆ ಲೆನ್ಸ್ ಮೇಲೆ ಹನಿಗಟ್ಟುತ್ತದೆ.

ಕೊನೆಯ ರಾತ್ರಿ ದೊಡ್ಡ ಪೆಟ್ಟಿಗೆಗಳನ್ನು ಕೋಣೆಯ ಹೊರಗಿಡಲು ಹೇಳುತ್ತಾರೆ, ಬೆಳಗಾಗುವುದರೊಳಗೆ ಅವು ಕೆಳಗೆ ಹೋಗಿರುತ್ತವೆ. ಮರುದಿನದ ಪ್ಯಾಂಟು, ಶೂ, ಮಾತ್ರೆ, ಪಾಸ್‌ಪೋರ್ಟ್, ಹಳದಿ ಜ್ವರದ ಕಾರ್ಡ್ ಇಷ್ಟನ್ನು ಮೊದಲು ಕೈಚೀಲಕ್ಕೆ ಹಾಕಿ, ಆಮೇಲೆ ಪೆಟ್ಟಿಗೆಗೆ ಬೀಗ ಹಾಕಿ. ಎಲ್ಲವನ್ನೂ ತುಂಬಿಸಿಬಿಟ್ಟು, ಬೆಳಗ್ಗೆ ಥರ್ಮಲ್ ಚಡ್ಡಿಯಲ್ಲೇ ಬಂದರಿಗೆ ಇಳಿಯುವವರೂ ಇದ್ದಾರೆ.